ಹೆಸರಿಲ್ಲದ ತಪ್ಪಿತಸ್ಥ ಭಾವ

ಇದರಲ್ಲಿ ಬರುವವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಗೃಹಿಣಿ, ವಯಸ್ಸು ನಲವತ್ತರ ಆಸುಪಾಸು. ಗಂಡನಿಗೆ ಸಣ್ಣ ಅಡಿಕೆ ತೋಟ, ಮಕ್ಕಳಿಬ್ಬರು ಹೈಸ್ಕೂಲಿನಲ್ಲಿ. ಚಿಕ್ಕಂದಿನಿಂದಲೂ ಚರ್ಚಿನ ಸಭೆಗೆ ತಪ್ಪದೆ ಹೋದವರು. ಶಿವಮೊಗ್ಗಕ್ಕೆ, ಆಪ್ತಸಮಾಲೋಚಕಿಯಾದ ನನ್ನ ಬಳಿ ಅವರನ್ನು ಕಳಿಸಿದ್ದು ಅವರ ಪಾಸ್ಟರ್. "ಪ್ರಾರ್ಥನೆಗೆ ಕೂತ್ರೆ ಎದೆ ಹೊಡ್ಕೊಳತ್ತೆ ಮೇಡಂ. ದೇವರು ನನ್ನ ಮೇಲೆ ಸಿಟ್ಟಾಗಿದಾರೆ ಅನ್ಸತ್ತೆ. ಎಂತ ತಪ್ಪು ಮಾಡಿದೀನಿ ಅಂತ ಕೇಳಿದ್ರೆ ಹೇಳಕ್ಕಾಗಲ್ಲ."

ಜನವರಿಯಲ್ಲಿ ಮಹಿಳಾ ಪ್ರಾರ್ಥನಾ ಗುಂಪಿನವರೆಲ್ಲ ಸೇರಿ ಒಂದೇ ವರ್ಷದಲ್ಲಿ ಸತ್ಯವೇದ (ಬೈಬಲ್) ಓದಿ ಮುಗಿಸುವ ತೀರ್ಮಾನ ಮಾಡಿದ್ದರು. 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಓದಿದವರು ವಾಟ್ಸ್‌ಆ್ಯಪ್‌ನಲ್ಲಿ ಹಾಜರಿ ಹಾಕಬೇಕು. ಇದರ ಜೊತೆಗೆ ಬೆಳಗಿನ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ, ಶುಕ್ರವಾರ ಸಂಜೆವರೆಗೆ ಉಪವಾಸ. ಮಳೆಗಾಲದ ತನಕ ಹೇಗೋ ನಡೆಯಿತು. ಅಡಿಕೆ ಕೊಯ್ಲು ಶುರುವಾಯಿತು ನೋಡಿ, ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಅಡಿಕೆ ಸುಲಿತ, ಸುಲಿಯಲು ಬಂದವರಿಗೆ ಚಹಾ, ಹಂಡೆಯಲ್ಲಿ ಬೇಯಿಸುವ ಕೆಲಸ. ಅಧ್ಯಾಯಗಳು ಉಳಿಯತೊಡಗಿದವು. ಒಂದು ತಿಂಗಳು ತಪ್ಪಿದರೆ ಹತ್ತಿರ ಹತ್ತಿರ ನೂರು ಅಧ್ಯಾಯ! ಸೊಸೈಟಿ ಸಾಲದ ಬಾಕಿಯಂತೆ ಅದು ಬೆಳೆಯಿತು. ಗುಂಪಿನ ಮೆಸೇಜ್ ಬಂದ ಸದ್ದಿಗೇ ಮೈ ಬೆವರುವ ಮಟ್ಟಕ್ಕೆ ಬಂದಿತ್ತು.

ಮೊದಲು ದೇಹದ ವಿಚಾರ ಕೇಳಿದೆ. ನಿದ್ದೆ ನಾಲ್ಕೂವರೆ ಗಂಟೆ, ಆಗಾಗ ತಲೆಸುತ್ತು, ಊಟ ರುಚಿಸದು. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಭಕ್ತರಿಗೆ ಈ ಪ್ರಶ್ನೆ ಕೇಳಬಾರದು ಎಂದು ಹಲವರು ಹಿಂಜರಿಯುತ್ತಾರೆ, ಆದರೆ ಕೇಳಲೇಬೇಕು. ರಕ್ತ ಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ಆಮೇಲೆ ಎಲೀಯನ ಕಥೆಯನ್ನು ಅವರಿಂದಲೇ ಹೇಳಿಸಿದೆ. ಸತ್ಯವೇದದ ಒಂದನೆಯ ಅರಸುಗಳು ಪುಸ್ತಕ, 19ನೇ ಅಧ್ಯಾಯ. ಪ್ರವಾದಿ ಸೋತು, ಸಾಕಪ್ಪಾ ಈ ಜೀವ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಮಾಡಿದ್ದೇನು? ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ, ದೂತ ಬೈಯಲಿಲ್ಲ. ಎರಡನೇ ಸಲವೂ ಉಣ್ಣಿಸಿಯೇ ದೂರದ ದಾರಿಗೆ ಕಳಿಸಿದ. "ದೇವದೂತ ಎಲೀಯನ ಹಾಜರಿ ಕೇಳಿದ್ನಾ?" ಅಂದೆ. ಅವರು ಬಹಳ ಹೊತ್ತು ಅತ್ತರು.

ನಾನು ಕೊಟ್ಟ ಸಲಹೆ ಇಷ್ಟು. ಬಾಕಿ ಅಧ್ಯಾಯಗಳನ್ನು ಪೂರ್ತಿ ಕೈಬಿಡಿ, ಗುಂಪಿನ ಹಾಜರಿಯಿಂದ ಹೊರಗೆ ಬನ್ನಿ. ಕೊಯ್ಲು ಮುಗಿಯುವವರೆಗೆ ವಾರಕ್ಕೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದೇ ಚಿಕ್ಕ ಕೀರ್ತನೆ ಸಾಕು. 131ನೇ ಕೀರ್ತನೆಯಲ್ಲಿರುವುದು ಮೂರೇ ವಚನ. ಅದನ್ನೇ ಏಳೂ ದಿನ, ಬಾಯಿಬಿಟ್ಟು, ನಿಧಾನವಾಗಿ ಓದಿ. ಮನಸ್ಸಿಗೆ ತಾಗಿದ ಒಂದು ಮಾತನ್ನು ಸುಲಿಯುವಾಗಲೂ ನೆನೆಯಿರಿ. ಆರು ಗಂಟೆಯಾದರೂ ನಿದ್ದೆ ಮಾಡಿ. ರಕ್ತ ಸರಿಹೋಗುವ ತನಕ ಊಟ ಬಿಡುವ ಉಪವಾಸ ಬೇಡ.

ಮಲಗುವ ಮುಂಚೆ ಹತ್ತು ನಿಮಿಷ, ದಿನವನ್ನು ದೇವರ ಮುಂದೆ ಹಿಂದಿರುಗಿ ನೋಡುವುದು: ಮೊದಲು ಕೃತಜ್ಞತೆ, ನಂತರ ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ನಡೆದದ್ದರ ನೆನಪು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ನಿರ್ಧಾರ. 16ನೇ ಶತಮಾನದ ಸ್ಪೇನಿನ ಸಂತ, ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಕ್ರಮವಿದು. ಪ್ರೊಟೆಸ್ಟೆಂಟ್ ಸಭೆಯವರಾದ ಈಕೆ "ಅವರು ಕಥೋಲಿಕರಲ್ವಾ?" ಎಂದು ಹಿಂಜರಿದರು. ಹೌದು ಎಂದು, ಅವರ ಬದುಕಿನ ಒಂದು ಸಂಗತಿ ಹೇಳಿದೆ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಂಡರೂ ಇಗ್ನೇಷಿಯಸ್‌ಗೆ ಸಮಾಧಾನವಿರಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ದೇವರು ಉತ್ತರಿಸುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ಏನೂ ತಿನ್ನಲಿಲ್ಲ. ಊಟ ಮಾಡು ಎಂದು ಆಜ್ಞಾಪಿಸಿದ್ದು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳೇ. ಈ ನೋವನ್ನು ಬಲ್ಲವರು ಹೇಳಿಕೊಟ್ಟ ಅಭ್ಯಾಸ ಎಂಬ ಕಾರಣಕ್ಕೆ ಈ ಗೃಹಿಣಿ ಒಪ್ಪಿದರು.

ನಿಜವಾದ ತಿರುವು ಬಂದದ್ದು ಈ ರಾತ್ರಿಯ ಹತ್ತು ನಿಮಿಷದಲ್ಲಿ. ಹಿಂದಿನ ಉಪವಾಸದ ಶುಕ್ರವಾರಗಳು ನೆನಪಿಗೆ ಬಂದವಂತೆ. ಹಸಿವಿನ ಸಿಟ್ಟಿನಲ್ಲಿ, ಸುಲಿಯಲು ಬರುವ ಹೆಂಗಸೊಬ್ಬಳನ್ನು ಎಲ್ಲರೆದುರು ಗದರಿಸಿದ್ದು, ಸುಲಿದ ಅಡಿಕೆ ಅಳೆಯುವಾಗ ಅವಳ ಲೆಕ್ಕದಲ್ಲಿ ಕಡಿಮೆ ಹಿಡಿದದ್ದು. "ಇದು ಇಷ್ಟು ದಿನ ಕಣ್ಣಿಗೇ ಬಿದ್ದಿರ್ಲಿಲ್ಲ ಮೇಡಂ. ಅಧ್ಯಾಯ ಓದಿಲ್ಲ ಅನ್ನೋದೇ ದೊಡ್ಡ ಪಾಪ ಆಗಿತ್ತು." ಸತ್ಯವೇದದ ಯೆಶಾಯ ಪ್ರವಾದಿಯ ಪುಸ್ತಕದ 58ನೇ ಅಧ್ಯಾಯವನ್ನು ಜೊತೆಯಾಗಿ ಓದಿದೆವು. ಉಪವಾಸದ ದಿನವೇ ಕೂಲಿಯವರನ್ನು ಹಿಂಡುವವರನ್ನು ಪ್ರವಾದಿ ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ದೇವರು ಮೆಚ್ಚುವ ಉಪವಾಸವೆಂದರೆ ನೊಗ ಬಿಡಿಸುವುದು, ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು.

ಇಂಥ ಪ್ರಕರಣಗಳಲ್ಲಿ ನಾನು ಮುಖ್ಯವಾಗಿ ಹುಡುಕುವುದು ಇದನ್ನೇ. ನೀನು ಕೆಟ್ಟವಳು ಎಂದು ಮಾತ್ರ ಹೇಳಿ, ಏಕೆಂದು ಹೇಳದ ಅಪರಾಧಿ ಭಾವ ಮನುಷ್ಯನನ್ನು ಕುಗ್ಗಿಸುತ್ತದೆ. ಎಷ್ಟು ಪ್ರಾರ್ಥಿಸಿದರೂ ತೃಪ್ತಿಯಾಗದು. ಮನಸ್ಸಾಕ್ಷಿ ಹೆಸರು ಹಿಡಿದು ತೋರಿಸುತ್ತದೆ: ಈ ವ್ಯಕ್ತಿ, ಈ ಮಾತು, ಇಷ್ಟು ಹಣ. ಅದನ್ನು ಸರಿಪಡಿಸಬಹುದು. ದಿನನಿತ್ಯದ ಅಭ್ಯಾಸಗಳು ನಮ್ಮನ್ನು ಅಲ್ಲಿಗೆ ಮುಟ್ಟಿಸಿದರೆ ಬೆಳೆಸುತ್ತಿವೆ ಎಂದರ್ಥ.

ಅವರು ಆ ಹೆಂಗಸಿನ ಮನೆಗೆ ಹೋಗಿ, ಬಾಕಿ ಕೂಲಿ ಕೊಟ್ಟು, ಕ್ಷಮೆ ಕೇಳಿ ಬಂದರು. "ಅಯ್ಯೋ, ಅದಕ್ಕೆಂತ ಅಮ್ಮ" ಅಂದಳಂತೆ ಆಕೆ, ಆದರೂ ಹಣ ಇಸ್ಕೊಂಡಳು. ಗಂಡನನ್ನೂ ಒಮ್ಮೆ ಕರೆಸಿ ಮಾತಾಡಿದೆ. ರಾತ್ರಿ ಹಂಡೆ ನೋಡಿಕೊಳ್ಳುವ ಕೆಲಸ ಈಗ ಅವರದ್ದು. ಭಾನುವಾರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಅಂಗಳದ ಕೆಲಸವಿಲ್ಲ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದಾರೆ, ಕೊಯ್ಲಿನ ಅವಸರದಲ್ಲಿ ಅದು ಆಗಾಗ ತಪ್ಪುತ್ತದೆ.

ಎದೆ ಹೊಡೆದುಕೊಳ್ಳುವುದು ತುಂಬ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಕೊಯ್ಲು ಮುಗಿದ ಮೇಲೂ ಉಳಿದರೆ ಮನೋವೈದ್ಯರನ್ನು ಕಾಣುವುದೆಂದು ಮಾತಾಗಿದೆ. ಇದೇ ಸ್ಥಿತಿಯಲ್ಲಿರುವವರು, ಅದರಲ್ಲೂ ಸಾಯುವ ಯೋಚನೆ ಬರುತ್ತಿರುವವರು ದಯವಿಟ್ಟು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.