17 ವರ್ಷ ಬಾಕಿ ಉಳಿದ ಪಾಪನಿವೇದನೆ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಹಾಗೂ ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆಯಿದೆ.)

ನಿದ್ದೆ ಬರುತ್ತಿಲ್ಲವೆಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದ ಈ ಮಹಿಳೆಗೆ ನಲವತ್ತರ ಆಸುಪಾಸು. ವೈದ್ಯರ ತಪಾಸಣೆಯಲ್ಲಿ ದೈಹಿಕ ಕಾರಣವೇನೂ ಕಂಡಿರಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಅವರು ಒಂದು ನಿರ್ದಿಷ್ಟ ಸಂಜೆಯನ್ನೇ ನೆನಪಿಸಿಕೊಂಡರು. ಮೊದಲ ಪಾಪನಿವೇದನೆಯ (ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರದ) ತಯಾರಿ ಪಾಠದಿಂದ ಮನೆಗೆ ಬಂದ ಮಗ, "ಅಮ್ಮಾ, ನೀನು ಹೋದಾಗ ಏನು ಹೇಳ್ತೀಯ?" ಎಂದು ಕೇಳಿದ್ದ. ಕಥೋಲಿಕ ಮಕ್ಕಳು ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಪವಿತ್ರ ರೊಟ್ಟಿ ಸ್ವೀಕರಿಸುವುದಕ್ಕೆ) ಮುನ್ನ ಪಾಪನಿವೇದನೆ ಮಾಡುತ್ತಾರೆ. ತಾಯಿ ಕೊನೆಯ ಬಾರಿ ಹೋಗಿ 17 ವರ್ಷಗಳಾಗಿದ್ದವು.

ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯನ್ನು ಅವರು ತಪ್ಪಿಸಿದವರಲ್ಲ; ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ಮಾತ್ರ, ಪಾಪನಿವೇದನೆ ಬಾಕಿಯಿದ್ದುದರಿಂದ, ಕುಳಿತೇ ಇರುತ್ತಿದ್ದರು. ಪರಮಪ್ರಸಾದ ಸ್ವೀಕರಿಸುವ ಮುನ್ನ ಕನಿಷ್ಠ ಒಂದು ಗಂಟೆ ಏನನ್ನೂ ತಿನ್ನಬಾರದೆಂಬ ನಿಯಮವಿದೆ. ಅದಕ್ಕಾಗಿಯೇ ಮನೆಯಿಂದ ಹೊರಡುವ ಮುನ್ನ ಅಡುಗೆಮನೆಯಲ್ಲಿ ನಿಂತು ಎರಡು ಬಿಸ್ಕತ್ತು ತಿನ್ನುತ್ತಿದ್ದರು. ಪತಿ ಕೇಳಿದರೆ "ಏನೋ ತಿಂದುಬಿಟ್ಟೆ" ಎನ್ನಬಹುದು, ಅದು ಸುಳ್ಳೂ ಆಗುವುದಿಲ್ಲ. ಪತಿ ಕೇಳುವುದನ್ನೇ ಬಿಟ್ಟು ವರ್ಷಗಳು ಕಳೆದಿದ್ದರೂ ಬಿಸ್ಕತ್ತು ತಿನ್ನುವುದು ನಿಂತಿರಲಿಲ್ಲ.

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಂತು. ಮೊದಲ ಕೆಲಸದಲ್ಲಿ, 22ರ ವಯಸ್ಸಿನಲ್ಲಿ, ನಗದಿನ ಲೆಕ್ಕದಲ್ಲಿ ಇವರಿಂದಾದ ತಪ್ಪಿಗೆ ಸಹೋದ್ಯೋಗಿಯೊಬ್ಬರ ಮೇಲೆ ಕಳ್ಳತನದ ಆರೋಪ ಬಂದು, ಅವರ ಕೆಲಸ ಹೋಯಿತು. ಇವರಿಗೆ ಸತ್ಯ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅನಂತರ ಮೂರು ಬಾರಿ ಪಾಪನಿವೇದನೆಗೆ ಹೋಗಿ, ಕೋಪ, ಸೋಮಾರಿತನ, ಪ್ರಾರ್ಥನೆ ತಪ್ಪಿಸಿದ್ದು ಎಂದೆಲ್ಲ ಹೇಳಿ, ಇದೊಂದನ್ನು ನುಂಗಿಕೊಂಡು ಎದ್ದುಬಂದರು. ನಾಲ್ಕನೆಯ ಬಾರಿ ಹೋಗಲೇ ಇಲ್ಲ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ನಾನು ಕಥೋಲಿಕಳಲ್ಲ; ಪಾಪನಿವೇದನೆಯೆಂದರೆ ಸುಮಾರಾಗಿ ಆಪ್ತಸಲಹೆಯದೇ ಹಳೆಯ ರೂಪವೆಂದು ಭಾವಿಸಿದ್ದೆ. "ಆಗ ನೀವು ಚಿಕ್ಕವರು, ಹೆದರಿದ್ದಿರಿ, ಇಷ್ಟು ವರ್ಷ ಅನುಭವಿಸಿದ್ದು ಸಾಕು" ಎಂದುಬಿಟ್ಟೆ. ಅವರು ತಲೆಯಾಡಿಸಿದರು, ಆದರೆ ಮುಂದಿನ ಭೇಟಿಗೆ ಬರಲಿಲ್ಲ. ಮೂರು ವಾರದ ಮೇಲೆ ಬಂದವರು ಮಡಚಿ ಮಡಚಿ ಗೀಟು ಬಿದ್ದಿದ್ದ ಕಾಗದವೊಂದನ್ನು ಮೇಜಿನ ಮೇಲಿಟ್ಟು, "ಇದನ್ನು ನೀವೇ ಓದಿ, ಕ್ಷಮಿಸಿದ್ದೇನೆ ಎಂದು ಹೇಳಿಬಿಡಿ ಮೇಡಂ. ನನಗೆ ಅಷ್ಟೇ ಸಾಕು" ಎಂದರು. ಹಿಂದಿನ ಬಾರಿ ನಾನು ಕ್ಷಮಿಸುವ ಅಧಿಕಾರವಿರುವವಳಂತೆ ಮಾತಾಡಿದ್ದರಿಂದಲೇ ಈ ಕೋರಿಕೆ ಹುಟ್ಟಿತ್ತು. ನಾನು ಕಾಗದ ಬಿಚ್ಚಲಿಲ್ಲ. ಕ್ಷಮಿಸುವುದು ನನ್ನ ಕೆಲಸವಲ್ಲವೆಂದೂ, ಹಿಂದಿನ ಬಾರಿ ನಾನು ಅವಸರಪಟ್ಟೆನೆಂದೂ ಹೇಳಿ, ಅವರ ಅನುಮತಿ ಪಡೆದು, ಹೆಸರು ಹೇಳದೆ ಗುರುಗಳೊಬ್ಬರಲ್ಲಿ ವಿಚಾರಿಸಿದೆ; ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ ಸಂಬಂಧಪಟ್ಟ ಭಾಗವನ್ನೂ ಓದಿದೆ.

ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಯೂ ಸಮಾಧಾನ ಸಿಗದವರ ಸ್ಥಿತಿ ಬೇರೆ. 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿದ್ದಾಗ, ಮುಂದೆ ಜೆಸ್ವಿಟ್ ಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ ಅನುಭವಿಸಿದ್ದು ಅಂಥ ಶಂಕೆಯನ್ನೇ. ಅದು ಗೀಳಿನ ರೂಪ ತಾಳಿದರೆ ಮನೋವೈದ್ಯರ ಚಿಕಿತ್ಸೆ ಬೇಕಾಗುತ್ತದೆ. ಈ ಮಹಿಳೆಯದು ಗೀಳಲ್ಲ. ನಿಜವಾಗಿ ನಡೆದ ಒಂದು ಕೃತ್ಯ, ನಿಜವಾಗಿ ನಷ್ಟ ಅನುಭವಿಸಿದ ಒಬ್ಬ ವ್ಯಕ್ತಿ, ಅದಕ್ಕೆ ತಕ್ಕ ಅಪರಾಧಪ್ರಜ್ಞೆ. ಅದನ್ನು ರೋಗವೆಂದು ಕರೆದಿದ್ದರೆ ಎರಡನೆಯ ತಪ್ಪು ಮಾಡಿದಂತಾಗುತ್ತಿತ್ತು.

ಅವರನ್ನು ತಡೆದಿದ್ದ ಭಯ ಒಂದಲ್ಲ. ಮಗನಿಗೆ ಪಾಠ ಹೇಳುವ ಗುರುಗಳೇ ಕೇಳಿಸಿಕೊಂಡರೆ ನಾಳೆಯಿಂದ ತಮ್ಮನ್ನು ಬೇರೆ ದೃಷ್ಟಿಯಿಂದ ನೋಡುತ್ತಾರೆ ಎಂಬುದು ದೊಡ್ಡದು. ಯಾವ ಗುರುಗಳ ಬಳಿ ಹೋಗಬೇಕೆಂಬ ಆಯ್ಕೆ ವಿಶ್ವಾಸಿಯದೇ, ತಮ್ಮ ಧರ್ಮಕೇಂದ್ರಕ್ಕೇ (ತಾವಿರುವ ಪ್ರದೇಶದ ಚರ್ಚಿಗೇ) ಹೋಗಬೇಕೆಂದಿಲ್ಲ, ಮುಖ ಕಾಣದಂತೆ ಜಾಲರಿಯ ಹಿಂದೆ ಕುಳಿತೂ ನಿವೇದಿಸಬಹುದು ಎಂದು ತಿಳಿಸಿದೆ. ಆಪ್ತಸಲಹೆಯ ಗೋಪ್ಯತೆಗೆ ಮಿತಿಯಿದೆ. ಯಾರದ್ದಾದರೂ ಜೀವಕ್ಕೆ ಅಪಾಯವೆಂದು ಕಂಡರೆ ನಾನು ಮಾತಾಡಬೇಕಾಗುತ್ತದೆ. ಪಾಪನಿವೇದನೆಯ ಮುದ್ರೆಗೆ, ಅಂದರೆ ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ಕಟ್ಟಿಗೆ, ಅಂಥ ವಿನಾಯಿತಿಯಿಲ್ಲ. 1983ರ ಸಂಹಿತೆಯ 983ನೇ ವಿಧಿ ಅದನ್ನು ಅಭೇದ್ಯವೆನ್ನುತ್ತದೆ. ನೇರವಾಗಿ ಮುರಿದ ಗುರುಗಳಿಗೆ ತಾನಾಗಿಯೇ ಬಹಿಷ್ಕಾರ ತಗಲುತ್ತದೆ. ಈ ಮಹಿಳೆಗೆ ಹೆಚ್ಚು ಧೈರ್ಯ ಕೊಟ್ಟದ್ದು ಅದರ ಮುಂದಿನ ವಿಧಿ: ಮುದ್ರೆ ಮುರಿಯುವ ಪ್ರಶ್ನೆ ಇಲ್ಲದಿದ್ದರೂ, ಅಲ್ಲಿ ತಿಳಿದದ್ದನ್ನು ನಿವೇದಿಸಿದವರಿಗೆ ತೊಂದರೆಯಾಗುವಂತೆ ಬಳಸುವುದೇ ನಿಷಿದ್ಧ.

ಹಿಂದಿನ ಮೂರು ನಿವೇದನೆಗಳೂ ಲೆಕ್ಕಕ್ಕಿಲ್ಲವೇನೋ ಎಂಬ ಇನ್ನೊಂದು ಭಯಕ್ಕೆ ಆಧಾರವಿತ್ತು. ಗಂಭೀರ ಪಾಪವನ್ನು ಬೇಕೆಂದೇ ಮುಚ್ಚಿಟ್ಟ ನಿವೇದನೆ ಸಿಂಧುವಲ್ಲವೆಂಬುದು ಧರ್ಮಸಭೆಯ ಬೋಧನೆ. ಮರೆತುಹೋದದ್ದಕ್ಕೆ ಇದು ಅನ್ವಯಿಸದು. ಆದ್ದರಿಂದ ಆ ಮೂರು ಬಾರಿ ಮುಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತದೆ. ಆದರೆ ಬೇಕಿರುವುದು ಪಾಪದ ಬಗೆ ಮತ್ತು ಎಣಿಕೆ, 17 ವರ್ಷಗಳ ದಿನಚರಿಯಲ್ಲ. ಬೇರೆಯವರ ಹೆಸರೂ ಬೇಡ. "ಬಾಯಿಂದ ಮಾತೇ ಬರದಿದ್ದರೆ?" ಎಂದು ಕೇಳಿದರು. ಮೊದಲ ವಾಕ್ಯವನ್ನು ಇಬ್ಬರೂ ಸೇರಿ ಸಿದ್ಧಪಡಿಸಿದೆವು: "ಫಾದರ್, 17 ವರ್ಷಗಳಾದವು, ಹೇಳಲು ಕಷ್ಟವಾಗುತ್ತಿದೆ, ನೀವೇ ಕೇಳಿ ಸಹಾಯ ಮಾಡಿ." ಅತಿ ಕಷ್ಟವಾದದ್ದನ್ನು ಮೊದಲೇ ಹೇಳಿಬಿಡಿ ಎಂದೆ, ಏಕೆಂದರೆ ಕೊನೆಗೆ ಇಟ್ಟುಕೊಂಡದ್ದು ಮೂರು ಬಾರಿಯೂ ಗಂಟಲಲ್ಲೇ ಉಳಿದಿತ್ತು. ಕಾಗದ ಒಯ್ಯಲು ಅಡ್ಡಿಯಿಲ್ಲ.

ಪಾಪಕ್ಷಮೆ ದೊರೆತ ಮಾತ್ರಕ್ಕೆ ಆ ಸಹೋದ್ಯೋಗಿಗೆ ಕಳೆದುಹೋದ ಹೆಸರು ಮರಳಿ ಬರುವುದಿಲ್ಲವೆಂಬುದನ್ನೂ ಹೇಳಲೇಬೇಕಿತ್ತು. ಕದ್ದದ್ದನ್ನು ಹಿಂತಿರುಗಿಸುವಂತೆ, ಕೆಡಿಸಿದ ಹೆಸರನ್ನು ಸಾಧ್ಯವಾದಷ್ಟು ಸರಿಪಡಿಸಬೇಕೆಂದು ಕಥೋಲಿಕ ಬೋಧನೆಯೂ ಕೇಳುತ್ತದೆ. ಹೇಗೆ ಎಂಬುದನ್ನು ಗುರುಗಳಲ್ಲೇ ಕೇಳಿ, ಅದರ ಸಿದ್ಧತೆಗೆ ನಾನಿದ್ದೇನೆ ಎಂದೆ.

ಪರಿಚಯವಿಲ್ಲದ ಚರ್ಚೊಂದಕ್ಕೆ ಅವರು ಹೋಗಿಬಂದರು. ಬೈಗುಳ ನಿರೀಕ್ಷಿಸಿದ್ದರಂತೆ, ಗುರುಗಳು ಎರಡೇ ಪ್ರಶ್ನೆ ಕೇಳಿದರಂತೆ. ಆ ರಾತ್ರಿಯೂ ನಿದ್ದೆ ಬರಲಿಲ್ಲ, ಮರುವಾರದಿಂದ ಸುಧಾರಿಸಿತು. ಸಹೋದ್ಯೋಗಿಯ ವಿಳಾಸ ಸಿಕ್ಕಿದೆ. ಪತ್ರದ ಕರಡನ್ನು ನನ್ನೆದುರು ಓದುವಾಗ "ಆಗ ನಾನು ತುಂಬ ಚಿಕ್ಕವಳು" ಎಂಬ ವಾಕ್ಯದ ಬಳಿ ನಿಂತು, ನನ್ನ ಮುಖ ನೋಡಿ, ಅದನ್ನು ತಾವೇ ಹೊಡೆದುಹಾಕಿದರು. ಉಳಿದ ಭಾಗವನ್ನು ಮುಂದಿನ ಭೇಟಿಯಲ್ಲಿ ನೋಡಲಿದ್ದೇವೆ.