ಪ್ರತಿಕ್ರಿಯೆ: ಗಿರಿ ಇಳಿಯುವಾಗ ಬ್ರೇಕ್ ಲಿವರ್ ಮೆತ್ತಗಾಗುವುದು
ನಿಮ್ಮ ಬೈಕಿನ ಬ್ರೇಕ್ ಆಯಿಲ್ ಬಿಸಿಗೆ ಕುದಿದು ಆವಿಯ ಗುಳ್ಳೆ ಏಳುತ್ತಿರಬೇಕು, ಅದಕ್ಕೇ ಲಿವರ್ ಮೆತ್ತಗಾಗುವುದು. ಮುಳ್ಳಯ್ಯನಗಿರಿ ಇಳಿಯುವಾಗ ಲಿವರ್ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಹೋಗುತ್ತದೆ ಅಂದಿದ್ದೀರಲ್ಲ, ಅದೇ ಗುರುತು. ನನ್ನ ಬೈಕಿಗೂ ಅದೇ ದಾರಿಯ ಕೈಮರದ ಹತ್ತಿರ ಹೀಗೇ ಆಗಿತ್ತು. ತೆಗೆಸಿದ ಆಯಿಲ್ ಡಿಕಾಕ್ಷನ್ ಥರ ಕಪ್ಪಾಗಿತ್ತು. ಡಾಟ್ 4 ಅನ್ನುವ ಗ್ರೇಡಿನ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರಿನಂಶ ಹೀರಿಕೊಂಡರೆ ಆ ಮಿತಿ 155ರ ಹತ್ತಿರಕ್ಕೆ ಇಳಿಯಬಹುದು. ಇಟಲಿಯ ಮೊಂಜಾದಂಥ ರೇಸ್ ಟ್ರ್ಯಾಕಿನಲ್ಲಿ ಎಷ್ಟೇ ಜೋರಾಗಿ ಬ್ರೇಕ್ ಹಿಡಿದರೂ ಮುಂದಿನ ನೇರ ದಾರಿಯಲ್ಲಿ ಗಾಳಿಗೆ ಬ್ರೇಕ್ ತಣ್ಣಗಾಗುತ್ತದೆ. ನಮ್ಮ ಇಳಿಜಾರಿನಲ್ಲಿ ಆ ಬಿಡುವೇ ಇಲ್ಲ, ಅಲ್ವಾ?

ಮೊದಲು ಆಯಿಲ್ ಪೂರ್ತಿ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಬೈಕಿನ ಬ್ರೇಕ್ ಆಯಿಲ್ ಮುಚ್ಚಳದ ಮೇಲೆ ಬರೆದಿರುವ ಗ್ರೇಡನ್ನೇ ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ. ಇಳಿಯುವಾಗ ಎರಡನೇ ಗೇರಿನಲ್ಲಿರಿ. ಬ್ರೇಕನ್ನು ಸುಮ್ನೆ ಒತ್ತಿಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ. ಲಿವರ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಬ್ರೇಕ್ ಪ್ಯಾಡ್ ನೋಡಿಸಿ. ಸರಿಯಾಗುವವರೆಗೆ ಗಿರಿ ಹತ್ತಬೇಡಿ, ದಯವಿಟ್ಟು.