ಗಾಡಿ ಪ್ರಶ್ನೋತ್ತರ: ಬೋರ್ ನೀರು ರೇಡಿಯೇಟರ್‌ಗೂ ಬೇಡ, ಬಾಡಿ ಮೇಲೆ ಒಣಗೋದೂ ಬೇಡ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧ ಇಂಜಿನ್ ಹೀಟ್ ಆಗೋದ್ರ ಬಗ್ಗೆ, ಇನ್ನರ್ಧ ಬಾಡಿ ಮೇಲಿನ ಕಲೆ ಬಗ್ಗೆ. ಬೇರೆ ಬೇರೆ ಅನ್ಸುತ್ತೆ, ಆದ್ರೆ ಓದ್ತಾ ಹೋದ್ರೆ ಬಹಳಷ್ಟು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ಗಳ ಉಪ್ಪುನೀರಿಗೇ ಬಂದು ನಿಲ್ಲುತ್ತೆ. ಅದಕ್ಕೇ ಎಲ್ಲಾ ಒಟ್ಟಿಗೆ ಹಾಕಿದೀನಿ.

ನಮ್ಮದು ಹತ್ತು ವರ್ಷದ ಪೆಟ್ರೋಲ್ ಕಾರು. ಭಾನುವಾರ ಬೆಳಗ್ಗೆ ಮನೆಯವರನ್ನ ಕರ್ಕೊಂಡು ನಂದಿ ಬೆಟ್ಟಕ್ಕೆ ಹೋದಾಗ ಗೇಟ್ ಹತ್ರ ಗಾಡಿಗಳ ಸಾಲಲ್ಲಿ ನಿಂತಿದ್ವಿ, ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿ ಬಾನೆಟ್‌ನಿಂದ ಆವಿ ಬಂತು. ಹೈವೇಲಿ ಯಾವತ್ತೂ ಹೀಗಾಗಿಲ್ಲ. ಪರಿಚಯದವರು ಇಂಜಿನ್ ತಣ್ಣಗಿಡೋ ಕೂಲಂಟ್‌ಗೆ ದುಡ್ಡು ಯಾಕೆ ದಂಡ, ಬೋರ್ ನೀರೇ ಹಾಕ್ಕೊಂಡು ಓಡ್ಸಿ ಅಂತಾರೆ. ಏನ್ ಮಾಡ್ಲಿ ಸರ್? — ಓದುಗರೊಬ್ಬರು, ಚಿಕ್ಕಬಳ್ಳಾಪುರ

ಹೈವೇಲಿ ಏನೂ ಆಗಲ್ಲ, ನಿಂತಾಗ ಮಾತ್ರ ಹೀಟ್ ಆಗುತ್ತೆ ಅಂತ ಬರೆದಿದೀರಲ್ಲ, ಮೆಕ್ಯಾನಿಕ್‌ಗೂ ಇದನ್ನ ಹಾಗೇ ಹೇಳಿ, ಅವರ ಅರ್ಧ ಕೆಲಸ ಮುಗೀತು. ಗಾಡಿ 80ರಲ್ಲಿ ಓಡ್ತಿರುವಾಗ ಮುಂದಿನಿಂದ ನುಗ್ಗೋ ಗಾಳಿಯೇ ರೇಡಿಯೇಟರ್‌ನ, ಅಂದ್ರೆ ಇಂಜಿನ್ ಸುತ್ತಿ ಬಂದ ಬಿಸಿ ನೀರು ಆರೋ ಜಾಲರಿನ, ತಣ್ಣಗಿಡುತ್ತೆ, ಫ್ಯಾನ್ ಕೆಟ್ಟಿದ್ರೂ ನಿಮಗೆ ಗೊತ್ತೇ ಆಗಲ್ಲ. ಏರು ಹತ್ತಿ ಬಿಸಿಯಾಗಿರೋ ಇಂಜಿನ್ ಸಾಲಲ್ಲಿ ನಿಂತಾಗ ಆ ಗಾಳಿ ಇಲ್ಲ, ಫ್ಯಾನ್ ಒಂದೇ ದಿಕ್ಕು. ಹಾಗಾಗಿ ಮೊದಲು ಫ್ಯಾನ್ ನೋಡಿ. ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ದೂರ ನಿಂತು ನೋಡಿ, ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ತಿರುಗ್ಲಿಲ್ಲ ಅಂದ್ರೆ ಹೆಚ್ಚಾಗಿ ಫ್ಯೂಸ್, ರಿಲೇ, ಮೋಟರ್ ಈ ಮೂರರಲ್ಲೊಂದು. ಕೈ ಮಾತ್ರ ಒಳಗೆ ಹಾಕ್ಬೇಡಿ, ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗೇ ತಿರುಗೋಕೆ ಶುರು ಮಾಡುತ್ತೆ. ಇದಕ್ಕೆ ಉಲ್ಟಾ, ಜಾಮಲ್ಲಿ ಸರಿ ಇದ್ದು ಹೈವೇಲಿ ಎಳೆದಾಗ ಹೀಟ್ ಆದ್ರೆ ರೇಡಿಯೇಟರ್ ಒಳಗೆ ಕಟ್ಕೊಂಡಿರಬಹುದು, ಇಂಜಿನ್ ಕಾದ ಮೇಲೆ ನೀರಿಗೆ ದಾರಿ ಬಿಡೋ ಥರ್ಮೋಸ್ಟಾಟ್ ಪೂರ್ತಿ ತೆರೀತಿಲ್ದೆ ಇರಬಹುದು, ವಾಟರ್ ಪಂಪ್ ಹೋಗಿರಬಹುದು.

ಫ್ಯಾನ್ ಸರಿ ಇದೆ ಅಂದ್ರೆ ಆಮೇಲೆ ನೋಡ್ಬೇಕಾದ್ದು ಮುಂದಿರೋ ಎಸಿ ಜಾಲರಿಗೂ (ಕಂಡೆನ್ಸರ್) ಅದರ ಹಿಂದಿನ ರೇಡಿಯೇಟರ್‌ಗೂ ನಡುವೆ ಇರೋ ಸಂದು. ಮುಂದಿನಿಂದ ನೋಡಿದ್ರೆ ಕ್ಲೀನಾಗೇ ಕಾಣುತ್ತೆ, ಟಾರ್ಚ್ ಹಾಕಿ ಮೇಲಿಂದ ಬಗ್ಗಿ ನೋಡಿದ್ರೆ ಒಳಗೆ ಹುಳ, ಒಣಗಿದ ಎಲೆ, ಧೂಳು ಎಲ್ಲಾ ಸೇರಿ ಕಂಬಳಿ ಹಾಗೆ ಕೂತಿರುತ್ತೆ. ಇಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೀಬೇಕು. ವಾಟರ್ ಸರ್ವೀಸ್‌ನವರ ಪ್ರೆಶರ್ ಗನ್ ಹತ್ರ ಹಿಡಿದ್ರೆ ಜಾಲರಿಯ ಆ ತೆಳ್ಳನೆ ತಗಡುಗಳು, ಫಿನ್ಸ್ ಅಂತಾರಲ್ಲ, ಅವೆಲ್ಲಾ ಮಡಚ್ಕೊಂಡು ಇರೋ ಗಾಳಿ ದಾರಿನೂ ಮುಚ್ಚಿಹೋಗುತ್ತೆ.

ಇನ್ನು ಬೋರ್ ನೀರಿನ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಒಳ್ಳೆ ಇಂಜಿನ್‌ಗಳು ಇದ್ರಿಂದಾನೇ ಹಾಳಾಗ್ತಿವೆ. ನಮ್ಮ ಕಡೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ಗಳು ಎಷ್ಟೋ ಇವೆ, ಬಂಡೆ ಸಂದಿನಲ್ಲಿ ವರ್ಷಗಟ್ಲೆ ನಿಂತ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತೆ. ಆ ನೀರು ಕಾದ ತಕ್ಷಣ ಕರಗಿದ್ದು ಸುಣ್ಣವಾಗಿ ಕೂರುತ್ತೆ. ನಿಮ್ಮನೆ ಗೀಸರ್ ಕಾಯಿಲ್ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟಿರೋದು ನೋಡಿದೀರಲ್ಲ, ಅದೇ ರೇಡಿಯೇಟರ್ ಒಳಗೂ ಆಗೋದು. ಕೆಟ್ಟುಹೋದ ರೇಡಿಯೇಟರ್‌ನ ಕೊಯ್ದು ನೋಡಿ, ಒಳಗಿನ ಟ್ಯೂಬ್‌ಗಳು ಚಪ್ಪಟೆ, ಒಂದೆರಡು ಮಿಲಿಮೀಟರ್ ದಾರಿ ಅಷ್ಟೇ. ಉಪ್ಪುನೀರಲ್ಲಿ ಓಡಿದ ಗಾಡಿದಾದ್ರೆ ಆ ದಾರಿಯ ಎರಡೂ ಕಡೆ ಬೂದು ಬಿಳಿ ಪದರ ಕಟ್ಟಿ, ಕೆಲವು ಟ್ಯೂಬ್ ಪೂರ್ತಿ ಬಂದ್ ಆಗಿರುತ್ತೆ, ಉಗುರಲ್ಲಿ ಕೆರೆದ್ರೆ ಸುಣ್ಣದ ಪುಡಿ ಉದುರುತ್ತೆ. ಆ ಪದರ ಶಾಖನ ಹೊರಗೆ ಬಿಡಲ್ಲ. ಸಾಲದ್ದಕ್ಕೆ ಬರೀ ನೀರಲ್ಲಿ ತುಕ್ಕು ತಡೆಯೋ ಕೆಮಿಕಲ್ ಇರಲ್ಲ, ಅಲ್ಯೂಮಿನಿಯಂ ಸವೆಯುತ್ತೆ, ವಾಟರ್ ಪಂಪ್ ಸೀಲ್ ಬೇಗ ಹೋಗುತ್ತೆ.

ಕುದಿಯೋ ಲೆಕ್ಕ ಬೇರೆ ಇದೆ. ನಂದಿ ಬೆಟ್ಟ 1478 ಮೀಟರ್ ಎತ್ತರ, ಅಲ್ಲಿ ತೆರೆದ ಪಾತ್ರೇಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ, ನಿಮ್ಮ ಇಂಜಿನ್ ಸಾಧಾರಣವಾಗಿ ಓಡೋದೇ 90ರ ಆಸುಪಾಸು. ಅದನ್ನ ಕಾಪಾಡೋದು ರೇಡಿಯೇಟರ್ ಕ್ಯಾಪ್. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತೆ, ಅಷ್ಟು ಬಾರ್ ಪ್ರೆಶರ್ ಒಳಗೆ ಹಿಡಿದಿಟ್ಟು ಕುದಿಬಿಂದುನ 115 ದಾಟಿಸುತ್ತೆ, ಕೂಲಂಟ್ ಅರ್ಧ ಭಾಗ ಸೇರಿದ್ರೆ ಇನ್ನೂ ಮೇಲಕ್ಕೆ ಹೋಗುತ್ತೆ. ಹತ್ತು ವರ್ಷದ ಗಾಡೀಲಿ ಆ ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರೋದೇ ಜಾಸ್ತಿ. ಚಿಕ್ಕ ಐಟಂ, ಕಡಿಮೆ ದುಡ್ಡು, ಇದನ್ನ ಮೊದಲು ಬದಲಾಯಿಸಿ, ಹಳೇದರ ಮೇಲೆ ಇದ್ದ ನಂಬರ್‌ದೇ ತಗೊಳ್ಳಿ.

ಕೂಲಂಟ್ ದಂಡ ಅಲ್ಲ ಅಣ್ಣ. ರೆಡಿ ಮಿಕ್ಸ್ ಸಿಕ್ಕಿದ್ರೆ ಹಾಗೇ ಹಾಕಿ, ಕಾನ್ಸಂಟ್ರೇಟ್ ಆದ್ರೆ ಡಬ್ಬಿ ಮೇಲೆ ಬರೆದಿರೋ ಅಳತೆ ಪ್ರಕಾರ ಡಿಸ್ಟಿಲ್ಡ್ ವಾಟರ್ ಸೇರಿಸಿ, ಬ್ಯಾಟರಿಗೆ ಹಾಕ್ತಾರಲ್ಲ ಅದೇ ನೀರು, ಆದ್ರೆ ಬ್ಯಾಟರಿ ಆಸಿಡ್ ಕ್ಯಾನ್ ಬೇರೆ, ಅಂಗಡೀಲಿ ಕೇಳುವಾಗ ಗಮನ ಇರಲಿ. ಈಗಾಗ್ಲೇ ಬೋರ್ ನೀರು ಹೋಗಿದ್ರೆ ಒಂದ್ಸಲ ಫ್ಲಷ್ ಮಾಡಿಸಿ ಆಮೇಲೆ ತುಂಬ್ಸಿ, ತುಂಬಿಸಿದ ಮೇಲೆ ಏರ್ ಲಾಕ್, ಅಂದ್ರೆ ಒಳಗೆ ಸಿಕ್ಕಿಕೊಂಡ ಗಾಳಿ, ತೆಗೆಸೋದು ಮರೀಬೇಡಿ.

ಮತ್ತೆ ದಾರೀಲಿ ಮುಳ್ಳು ಮೇಲೆ ಹೋದ್ರೆ, ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗ್ಸಿ ಬ್ಲೋವರ್ ಜೋರಾಗಿ ಹಾಕಿ, ಒಳಗೆ ಕೂತವರಿಗೆ ಬೆವರಿಳಿಯುತ್ತೆ ನಿಜ ಆದ್ರೆ ಇಂಜಿನ್‌ನ ಶಾಖ ಆ ದಾರೀಲಿ ಹೊರಗೆ ಬರುತ್ತೆ, ಅಷ್ಟರಲ್ಲಿ ಸೈಡ್‌ಗೆ ಹಾಕಿ. ಆವಿ ಬಂತು ಅಂದ್ರೆ ತಕ್ಷಣ ಆಫ್. ಅರ್ಧ ಗಂಟೆಗಿಂತ ಮುಂಚೆ ಕ್ಯಾಪ್ ಮುಟ್ಟಲೇಬೇಡಿ. ವಿಸಲ್ ಇಳಿಯದ ಕುಕ್ಕರ್‌ನ ಮುಚ್ಚಳ ಯಾರೂ ತೆಗಿಯಲ್ಲ ಅಲ್ವಾ, ಇದೂ ಅಷ್ಟೇ, ಮುಖ ಎದೆ ಸುಟ್ಕೊಂಡವರಿದಾರೆ. ಮೇಲಿನ ಹೋಸ್ ಪೈಪು ಒತ್ತಿ ನೋಡಿ, ಮೆತ್ತಗಾಗಿ ತಣ್ಣಗಿದ್ರೆ ಮಾತ್ರ ಬಟ್ಟೆ ಹಾಕ್ಕೊಂಡು ನಿಧಾನಕ್ಕೆ ತಿರುಗ್ಸಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರೀಬೇಡಿ, ಇಂಜಿನ್‌ನ ಮೇಲ್ಭಾಗ, ಅಂದ್ರೆ ಹೆಡ್, ಬಿರುಕು ಬಿಡಬಹುದು. ಬೇರೆ ಗತಿ ಇಲ್ಲದಾಗ ಕುಡಿಯೋ ನೀರು ಹಾಕ್ಕೊಂಡು ಮನೆ ಸೇರಬಹುದು, ತಪ್ಪಿಲ್ಲ, ಆದ್ರೆ ಆ ವಾರದಲ್ಲೇ ತೆಗೆಸಿ ಸರಿಯಾದ್ದು ತುಂಬ್ಸಿ. ಮನೆಗೆ ಬಂದ ಮೇಲೆ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ತಿರುಗಿದ್ರೆ ಹೆಡ್ ಕೆಳಗಿನ ಸೀಲ್, ಅಂದ್ರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು, ಅಂಥ ಗಾಡೀನ ಓಡಿಸ್ಕೊಂಡು ಗ್ಯಾರೇಜ್‌ಗೆ ಹೋಗ್ಬೇಡಿ, ಟೋ ಮಾಡಿಸಿ.

ಹಸಿರು ಕೂಲಂಟ್ ಇತ್ತು, ಅಂಗಡೀಲಿ ಕೆಂಪು ಕೊಟ್ರು. ಟಾಪ್ ಅಪ್ ಮಾಡಬಹುದಾ? — ಮಾಲೂರು

ಬೇಡ. ಬಣ್ಣ ಅನ್ನೋದು ಕಂಪನಿಯವರು ಹಾಕೋ ಡೈ ಅಷ್ಟೇ, ಒಳಗಿನ ಕೆಮಿಕಲ್ ಬೇರೆ ಬೇರೆ ಇರುತ್ತೆ, ಒಂದಕ್ಕೊಂದು ಹೊಂದದೆ ಇದ್ರೆ ತುಕ್ಕು ತಡೆಯೋ ಶಕ್ತಿ ಹೋಗುತ್ತೆ, ಕೆಲವು ಸಲ ಲೋಳೆ ಥರ ಗಟ್ಟಿ ಆಗುತ್ತೆ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಯಾವ ಟೈಪ್ ಅಂತ ಬರೆದಿರುತ್ತೆ, ಎಷ್ಟು ಕಿಲೋಮೀಟರ್‌ಗೆ ಬದಲಾಯಿಸ್ಬೇಕು ಅಂತಾನೂ ಅಲ್ಲೇ ಇರುತ್ತೆ, ಅದನ್ನೇ ನಂಬಿ. ಲೆವೆಲ್ ನೋಡೋದು ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ, ಪಕ್ಕದ ಪ್ಲಾಸ್ಟಿಕ್ ಡಬ್ಬಿ ಮೇಲಿನ ಎರಡು ಗೆರೆ ಮಧ್ಯೆ ಇರಬೇಕು. ಪದೇ ಪದೇ ಇಳೀತಿದ್ರೆ ಎಲ್ಲೋ ಲೀಕ್ ಇದೆ, ಹೋಸ್ ಕ್ಲಿಪ್ ಹತ್ರ ಒಣಗಿದ ಬಿಳಿ ಅಥವಾ ಹಸಿರು ಕಲೆ ಹುಡುಕಿ.

ಒಂದು ಮಾತು ಎಲ್ರಿಗೂ. ಹೆಚ್ಚಿನ ಕೂಲಂಟ್‌ನಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿ, ಆದ್ರೆ ವಿಷ. ನೆಲದ ಮೇಲೆ ಚೆಲ್ಲಿದ್ದನ್ನ ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯುತ್ತೆ. ಮಿಕ್ಕಿದ್ದನ್ನ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ತುಂಬಿಡೋ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ದಯವಿಟ್ಟು ಇವತ್ತೇ ಬಿಡಿ, ಮಕ್ಕಳಿರೋ ಮನೆ.

ನಮ್ಮ ಕಪ್ಪು ಕಾರಿನ ಮೇಲೆ ತೊಳೆದಾಗೆಲ್ಲ ಬಿಳಿ ಚುಕ್ಕಿ ಉಳಿಯುತ್ತೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ಉಜ್ಜಿದ ಹಾಗೆ ಉಜ್ಜು, ಹೋಗುತ್ತೆ ಅಂತ ಅತ್ತೆ ಹೇಳ್ತಾರೆ. ಮಾಡ್ಲಾ? — ಗೃಹಿಣಿ, ಗುಬ್ಬಿ

ಅಮ್ಮ, ನಿಮ್ಮತ್ತೆ ಹೇಳಿದ್ದರಲ್ಲಿ ವಿಷಯ ಇದೆ. ಆ ಚುಕ್ಕಿ ಅಂದ್ರೆ ನೀರು ಆರಿದ ಮೇಲೆ ಉಳಿದ ಸುಣ್ಣ, ರೇಡಿಯೇಟರ್ ಒಳಗೆ ಕಟ್ಟೋದು ಅದೇ, ಹುಳಿ ತಗುಲಿದ್ರೆ ಸುಣ್ಣ ಕರಗುತ್ತೆ. ಆದ್ರೆ ಹುಣಸೆಹಣ್ಣಲ್ಲಿ ನಾರಿದೆ, ಉಜ್ಜೋದಂತೂ ಪೇಂಟಿಗೆ ಆಗಲ್ಲ, ಕಪ್ಪು ಗಾಡಿ ಮೇಲೆ ಒಂದೊಂದು ಗೀರೂ ಬಿಸಿಲಲ್ಲಿ ಎದ್ದು ಕಾಣುತ್ತೆ. ಅಡುಗೆಗೆ ಹಾಕೋ ಬಿಳಿ ವಿನೆಗರ್ ತಗೊಂಡು ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಮೊದಲು ತೊಳೆದು ಧೂಳು ತೆಗೆದ ಗಾಡಿ ಮೇಲೆ, ನೆರಳಲ್ಲಿ, ತಗಡು ತಣ್ಣಗಿರುವಾಗ, ಮೈಕ್ರೋಫೈಬರ್ ಬಟ್ಟೆ ನೆನೆಸಿ ಚುಕ್ಕಿ ಮೇಲೆ ಒಂದೆರಡು ನಿಮಿಷ ಇಡಿ, ಮೆಲ್ಲಗೆ ಒರೆಸಿ, ಚೆನ್ನಾಗಿ ನೀರು ಹಾಕಿ ತೊಳೆದು ತಕ್ಷಣ ಒಣಗಿಸಿ. ಎಲ್ಲೋ ಮೂಲೇಲಿ ಒಂದು ಚುಕ್ಕಿ ಮೇಲೆ ಮೊದಲು ಮಾಡಿ ನೋಡಿ. ವಿನೆಗರ್ ಇದ್ದ ವ್ಯಾಕ್ಸನ್ನೂ ತೆಗಿಯುತ್ತೆ, ಹಾಗಾಗಿ ಆಮೇಲೆ ವ್ಯಾಕ್ಸ್ ಹಚ್ಚಿ, ಎರಡು ಮೂರು ತಿಂಗಳಿಗೊಮ್ಮೆ ಹಚ್ತಿದ್ರೆ ನೀರು ಜಾರಿ ಹೋಗುತ್ತೆ, ಕಲೆ ಕೂರೋದು ಕಮ್ಮಿ.

ವಿನೆಗರ್‌ಗೂ ಹೋಗ್ಲಿಲ್ಲ ಅಂದ್ರೆ ಅದು ಪೇಂಟ್ ಮೇಲಿನ ಪಾರದರ್ಶಕ ಪದರ, ಅಂದ್ರೆ ಕ್ಲಿಯರ್ ಕೋಟ್, ಅದರ ಒಳಗೆ ತಿಂದುಬಿಟ್ಟಿದೆ, ಪಾಲಿಶ್ ಮಾಡಿಸ್ಬೇಕು. ಪಾಲಿಶ್ ಅಂದ್ರೆ ಆ ಪದರನ ಸವೆಸೋದು, ಅದಿರೋದೇ ತಲೆಕೂದಲಿನಷ್ಟು ದಪ್ಪ ಕೂಡ ಇಲ್ಲ, ವರ್ಷ ವರ್ಷ ಮಾಡಿಸ್ತಾ ಹೋಗೋ ಕೆಲಸ ಅಲ್ಲ.

ಅದಕ್ಕಿಂತ ಕಲೆ ಕೂರದ ಹಾಗೆ ನೋಡ್ಕೊಳ್ಳೋದು ಸುಲಭ. ಬಿಸಿಲಲ್ಲಿ ತೊಳೀಬೇಡಿ. ಬಟ್ಟೆ ಒಗೆಯೋ ಪುಡಿ, ಪಾತ್ರೆ ಸೋಪು ಬೇಡ, ಕಾರ್ ಶಾಂಪೂ ಸಾಕು. ಎರಡು ಬಕೆಟ್ ಇಟ್ಕೊಳ್ಳಿ, ಒಂದು ಶಾಂಪೂಗೆ, ಒಂದು ಬಟ್ಟೆ ಜಾಲಿಸೋಕೆ, ಮೇಲಿಂದ ಕೆಳಗೆ ತೊಳೀತಾ ಬನ್ನಿ. ನೀರಿಗೆ ಪರದಾಡೋ ಊರಲ್ಲಿ ಪೈಪ್ ಬಿಟ್ಕೊಂಡು ತೊಳಿಯೋದು ನನಗೂ ಸರಿ ಕಾಣಲ್ಲ. ಮನೇಲಿ ಮಳೆನೀರು ಹಿಡಿದಿಟ್ಟಿದ್ರೆ ಕೊನೇದಾಗಿ ಒಂದು ಬಕೆಟ್ ಅದನ್ನ ಸುರೀರಿ, ಅದ್ರಲ್ಲಿ ಸುಣ್ಣ ಇಲ್ಲ, ಚುಕ್ಕಿ ಬೀಳಲ್ಲ. ಏನೇ ಆದ್ರೂ ತಾನಾಗಿ ಆರೋಕೆ ಬಿಡದೆ ಒರೆಸಿ.

ಮಾವಿನ ಮರದ ಕೆಳಗೆ ನಿಲ್ಲಿಸ್ತೀವಿ. ಹೂ ಬಿಡೋ ಕಾಲಕ್ಕೆ ಗಾಜು, ಬಾಡಿ ಎಲ್ಲಾ ಅಂಟು ಅಂಟು. ಮರದ ಹಾಲಾ ಅದು? — ಶ್ರೀನಿವಾಸಪುರ

ಹಾಲಲ್ಲ, ಹೂವಿನ ರಸ ಹೀರೋ ಜಿಗಿಹುಳು ಬಿಡೋ ಸಿಹಿ ದ್ರವ. ನಿಮ್ಮ ತೋಟದಲ್ಲಿ ಎಲೆ ಮೇಲೆ ಕಪ್ಪು ಬೂಷ್ಟು ಬರೋದು ಈ ಅಂಟಿನ ಮೇಲೇ, ಗಾಡಿ ಮೇಲೂ ಬಿಟ್ರೆ ಹಾಗೇ ಕಪ್ಪಾಗುತ್ತೆ. ಸಕ್ಕರೆ ಅಂಶ ಆದ್ದರಿಂದ ಒಂದೆರಡು ದಿನದೊಳಗೆ ಉಗುರುಬೆಚ್ಚಗಿನ ನೀರು, ಶಾಂಪೂ ಹಾಕಿದ್ರೆ ಸಲೀಸಾಗಿ ಬಿಡುತ್ತೆ. ಧೂಳು ಕೂತು ಬಿಸಿಲಲ್ಲಿ ಬೆಂದ ಮೇಲೆ ಕಷ್ಟ. ಒಣ ಬಟ್ಟೇಲಿ ಒರೆಸ್ಬೇಡಿ, ವೈಪರ್ ಹಾಕ್ಬೇಡಿ. ಹಕ್ಕಿ ಹಿಕ್ಕೆ ಬಿದ್ರೆ ಅದೇ ದಿನ ಒದ್ದೆ ಬಟ್ಟೆ ಐದು ನಿಮಿಷ ಇಟ್ಟು ಎತ್ತಿ ತೆಗೀರಿ, ಅದು ಪೇಂಟ್‌ನ ಸುಡುತ್ತೆ. ಹೂ ಬಿಡೋ ಆ ಎರಡು ತಿಂಗಳು ಬೇರೆ ಕಡೆ ನಿಲ್ಲಿಸೋಕೆ ಜಾಗ ಇದ್ರೆ ಎಲ್ಲಕ್ಕಿಂತ ಒಳ್ಳೇದು.

ಮನೆ ಹತ್ರ ಜಲ್ಲಿ ಕ್ರಷರ್ ಇದೆ, ದಿನಾ ಧೂಳು. ಕವರ್ ಹಾಕ್ಲಾ? ಕೆಲವರು ಸೀಮೆಎಣ್ಣೆ ಹಾಕಿ ಒರೆಸಿ ಅಂತಾರೆ. — ಬಾಗೇಪಲ್ಲಿ

ತೊಳೆದ ಗಾಡಿ ಮೇಲೆ ಮಾತ್ರ ಕವರ್. ಧೂಳಿನ ಮೇಲೆ ಕವರ್ ಹಾಕಿದ್ರೆ ಗಾಳಿಗೆ ಅಲ್ಲಾಡಿ ಅದೇ ಉಪ್ಪುಕಾಗದ ಆಗುತ್ತೆ, ಕಲ್ಲಿನ ಪುಡಿ ಅದು. ಬೆಳಗ್ಗೆ ಒಣ ಬಟ್ಟೇಲಿ ಪಟಪಟ ಹೊಡೆಯೋದೂ ಬೇಡ, ನೀರು ಸುರಿದು ಇಳಿಸಿ. ಸೀಮೆಎಣ್ಣೆ, ಡೀಸೆಲ್ ಹಚ್ಚಿದ್ರೆ ಒಂದು ಗಂಟೆ ಮಿಂಚುತ್ತೆ, ಆಮೇಲೆ ಇನ್ನಷ್ಟು ಧೂಳು ಹಿಡಿಯುತ್ತೆ, ಬಾಗಿಲ ಬೀಡಿಂಗ್ ರಬ್ಬರ್ ಹಾಳು. ನಿಮ್ಮ ಕಡೆಯವರು ಏರ್ ಫಿಲ್ಟರ್, ರೇಡಿಯೇಟರ್ ಫಿನ್ಸ್ ಬೇರೆಯವರಿಗಿಂತ ಬೇಗ ಬೇಗ ನೋಡಿಸ್ಬೇಕು.

ಆಯುಧ ಪೂಜೆ ದಿನ ಹಚ್ಚಿದ ಅರಿಶಿನ ಕುಂಕುಮ ಬಿಳಿ ಗಾಡಿ ಮೇಲೆ ಹಾಗೇ ಉಳೀತು. — ಶಿರಾ

ಅರಿಶಿನದ ಬಣ್ಣ ಬಿಸಿಲಿಗೆ ತಾನಾಗೇ ಮಾಸುತ್ತೆ, ಹೆದರ್ಬೇಡಿ. ಕುಂಕುಮಕ್ಕೆ ಶಾಂಪೂ ನೀರು, ಅದಕ್ಕೂ ಬಿಡದಿದ್ರೆ ಕಾರ್ ಪಾಲಿಶ್ ಸ್ವಲ್ಪ. ಮುಂದಿನ ಸಲ ಪೇಂಟ್ ಮೇಲಲ್ಲ, ಗಾಜಿನ ಮೇಲೆ ಅಥವಾ ನಂಬರ್ ಪ್ಲೇಟ್ ಪಕ್ಕ ಹಚ್ಚಿ, ಮಾರನೇ ದಿನವೇ ತೊಳೀರಿ. ಮತ್ತೆ ಆ ದಪ್ಪ ಸೇವಂತಿಗೆ ಹಾರ ಗ್ರಿಲ್ ಮುಂದೆ ಕಟ್ಕೊಂಡು ಊರೂರು ಸುತ್ತಬೇಡಿ, ಗಾಳಿ ಹೋಗೋ ಬಾಯೇ ಅದು. ಪೂಜೆ ಮುಗಿಸಿ ದೇವಸ್ಥಾನಕ್ಕೆ ಒಂದು ಸುತ್ತು ಹೋಗಿ ಬಂದು ಬಿಚ್ಚಿಬಿಡಿ, ಉದುರಿದ ಎಸಳು ರೇಡಿಯೇಟರ್ ಮುಂದೆ ಸಿಕ್ಕಿಕೊಂಡಿದ್ರೆ ಕೈಯಲ್ಲೇ ಆರಿಸಿ ತೆಗೀರಿ.